ಕುಮಟೆ ಕಡೆ ಮನೆಗೆ ಕಾಂಬಿ ಬಾಯ್ಲರ್ ಹಾಕಿಸಬಹುದೇ? ಇಲ್ಲ ಬಚ್ಚಲ ಹಂಡೆಯೇ ಇರಲೇ?

ಹೊಳೆಸಾಲು:

ಮನೆ ಕುಮಟೆ ಪೇಟೆಯಿಂದ ಸ್ವಲ್ಪ ಹೊರಗೆ, ಅಘನಾಶಿನಿ ಹೊಳೆ ಬದಿಗೆ. ಕೆಳಗೊಂದು ಬಚ್ಚಲು, ಮಹಡಿಯಲ್ಲೊಂದು. ಐದು ಜನ, ಅದರಲ್ಲಿ ಇಬ್ಬರಿಗೆ 70 ದಾಟಿದೆ. ಈಗ ಬಿಸಿನೀರಿಗೆ ಇರುವುದು ತಾಮ್ರದ ಹಂಡೆ, ಬಚ್ಚಲ ಒಲೆ, ಕಾಯಿಸಿಪ್ಪೆ. ಮಳೆಗಾಲದಲ್ಲಿ ಸಿಪ್ಪೆ ಒದ್ದೆಯಾಗಿ ಹೊಗೆ ತಡೆಯಲಾಗುವುದಿಲ್ಲ. ಮಹಡಿಗೆ ಬಿಸಿನೀರು ಬಕೆಟ್ಟಿನಲ್ಲಿ ಹೊತ್ತೇ ಆಗಬೇಕು.

ಇಂಗ್ಲೆಂಡಿನಲ್ಲಿರುವ ಬಾವ ಅಲ್ಲಿಯಂತೆ ಕಾಂಬಿ ಬಾಯ್ಲರ್ ಹಾಕಿಸಿ ಅನ್ನುತ್ತಾರೆ. 30 ಕಿಲೋವಾಟಿನದು, ಟಾಂಕಿ ಬೇಡ, ಯಾವ ನಲ್ಲಿ ತಿರುಗಿಸಿದರೂ ಬಿಸಿನೀರು. ನಮ್ಮಲ್ಲಿ ಬಾವಿ ನೀರು, ತಾರಸಿ ಮೇಲೆ 4 ಅಡಿ ಕಂಬದ ಮೇಲೆ 1000 ಲೀಟರ್ ಟಾಂಕಿ, ಗ್ಯಾಸ್ ಅಂದರೆ 14.2 ಕಿಲೊ ಸಿಲಿಂಡರ್. ತಾರಸಿಗೆ ಮಳೆಗೆ ತಗಡಿನ ಮಾಡು ಹೊದೆಸಿದ್ದೇವೆ.

ಇದು ಇಲ್ಲಿ ನಡೆಯುತ್ತದಾ? ನಡೆಯದಿದ್ದರೆ ಗ್ಯಾಸ್ ಗೀಸರ್, ಕರೆಂಟಿನದು, ಸೋಲಾರ್ ಇವುಗಳಲ್ಲಿ ಯಾವುದು? ಬಚ್ಚಲು ಒಡೆದು ಟೈಲ್ಸ್ ಹಾಕಿಸುವ ಕೆಲಸ ಶುರುವಾಗಲಿದೆ. ಪೈಪು ಮುಚ್ಚುವ ಮೊದಲು ತೀರ್ಮಾನ ಆಗಬೇಕು.

ನಲ್ಲಿತಿರುಪು:

ಕಾಂಬಿ ಬೇಡ. ಅದು ಕೆಟ್ಟ ಯಂತ್ರವಲ್ಲ, ಅದಕ್ಕೆ ಹೇಳಿದ ಕೆಲಸ ನಿಮ್ಮ ಮನೆಯಲ್ಲಿ ಇಲ್ಲ ಅಷ್ಟೆ.

ಕಾಂಬಿ ಅಂದರೆ ಒಂದೇ ಪೆಟ್ಟಿಗೆಯಲ್ಲಿ ಎರಡು ಕೆಲಸ. ಮೊದಲನೆಯದು ಮನೆಯ ಕೋಣೆಗಳನ್ನು ಬೆಚ್ಚಗಿಡುವುದು: ಗೋಡೆಗೆ ಕೂರಿಸಿದ ರೇಡಿಯೇಟರುಗಳಲ್ಲಿ ಒಂದೇ ನೀರನ್ನು ಪಂಪಿನಿಂದ ಸುತ್ತಿಸುತ್ತದೆ. ಎರಡನೆಯದು ಮೀಯುವ ನೀರು ಕಾಯಿಸುವುದು. ನಲ್ಲಿ ತಿರುಗಿಸಿದ ಕೂಡಲೇ ಒಳಗಿನ ವಾಲ್ವು ಆ ಸುತ್ತುವ ಬಿಸಿನೀರನ್ನು ಒಂದು ಪ್ಲೇಟ್ ಎಕ್ಸ್‌ಚೇಂಜರಿಗೆ ತಿರುಗಿಸುತ್ತದೆ. ತೆಳು ಲೋಹದ ಹಾಳೆಯ ಆಚೆ ಬದಿಯಲ್ಲಿ ನಲ್ಲಿಗೆ ಹೋಗುವ ನೀರು ಹರಿಯುತ್ತ ಬಿಸಿಯಾಗುತ್ತದೆ. ಇಂಗ್ಲೆಂಡಿನಲ್ಲಿ ಚಳಿಗಾಲಕ್ಕೆ ನಲ್ಲಿಗೆ ಬರುವ ನೀರೇ 5ರಿಂದ 10 ಡಿಗ್ರಿ. ಅದನ್ನು 40 ದಾಟಿಸಲು 30 ಕಿಲೋವಾಟ್ ಬೇಕಾಗುತ್ತದೆ. ನಿಮ್ಮ ಟಾಂಕಿ ನೀರು ಸುಮಾರು 27 ಡಿಗ್ರಿ, ಮೀಯಲು 42 ಸಾಕು. ಏರಿಸಬೇಕಾದದ್ದು ಬರೀ 15 ಡಿಗ್ರಿ.

ಈಗ ಲೆಕ್ಕ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು 4.186 ಕಿಲೋಜೂಲ್. ನಿಮಿಷಕ್ಕೆ 3 ಲೀಟರ್ ಹರಿವಿಗೆ 15 ಡಿಗ್ರಿ ಏರಿಸಲು 3.1 ಕಿಲೋವಾಟ್ ಸಾಕು. ಅಷ್ಟು ದೊಡ್ಡ ಕಾಂಬಿ ತನ್ನ ಉರಿಯನ್ನು ಎಷ್ಟೇ ಸಣ್ಣ ಮಾಡಿಕೊಂಡರೂ ಸಾಮಾನ್ಯವಾಗಿ 5-6 ಕಿಲೋವಾಟಿನ ಕೆಳಗೆ ಇಳಿಯುವುದಿಲ್ಲ. ಹಾಗಾಗಿ ಹತ್ತುತ್ತದೆ, ನೀರು ಮಿತಿ ಮೀರಿ ಕಾಯುತ್ತದೆ, ಆರುತ್ತದೆ, ಮತ್ತೆ ಹತ್ತುತ್ತದೆ. ಮೀಯುವವರ ಮೈಮೇಲೆ ಒಮ್ಮೆ ಸುಡುನೀರು, ಒಮ್ಮೆ ತಣ್ಣೀರು.

ಒತ್ತಡದ್ದು ಇನ್ನೊಂದು ತೊಡಕು. ಕಾಂಬಿಗೆ ಪೂರ್ತಿ ಹರಿವು ಸಿಗಲು 1 ಬಾರ್ ಸುತ್ತಮುತ್ತ ಬೇಕು, ಅಂದರೆ ನೀರಿನ ಮಟ್ಟದಿಂದ ಶವರಿನ ಬಾಯಿಗೆ 10 ಮೀಟರ್ ಇಳಿತ. ನಿಮ್ಮ ಟಾಂಕಿಯ ತಳ ಮಹಡಿ ನೆಲದಿಂದ ಸುಮಾರು 14 ಅಡಿ ಮೇಲಿದೆ ಅಂದುಕೊಳ್ಳೋಣ (ಕೋಣೆ 10, ಕಂಬ 4). ಶವರ್ 7 ಅಡಿಗೆ. ಉಳಿದದ್ದು 7 ಅಡಿ, 0.2 ಬಾರ್. ಕೆಳಗಿನ ಬಚ್ಚಲಿಗೆ 0.5 ಬಾರ್. ಪಂಪ್ ಕೂರಿಸಿ ಒತ್ತಡ ಏರಿಸಬಹುದು, ಆದರೆ ಆಗ ಕರೆಂಟಿಲ್ಲದೆ ನೀರೂ ಇಲ್ಲ. ಕಾಂಬಿಯ ಒಳಗಿನ ಫ್ಯಾನು, ಪಂಪು, ಬೋರ್ಡು ಎಲ್ಲಕ್ಕೂ ಹೇಗೂ ಕರೆಂಟ್ ಬೇಕೇ ಬೇಕು. ಆಷಾಢದಲ್ಲಿ ಲೈನಿನ ಮೇಲೆ ಮರ ಬಿದ್ದ ದಿನ ಗ್ಯಾಸ್ ಇದ್ದೂ ತಣ್ಣೀರೇ.

ಗ್ಯಾಸಿನದು ಇನ್ನೂ ಕಷ್ಟ. ಪೂರ್ತಿ ಉರಿದರೆ 30 ಕಿಲೋವಾಟಿಗೆ ಗಂಟೆಗೆ ಸುಮಾರು 2.4 ಕಿಲೊ ಎಲ್‌ಪಿಜಿ ಬೇಕು. ಒಂದೇ ಸಿಲಿಂಡರಿನೊಳಗಿನ ದ್ರವ ಅಷ್ಟು ಬೇಗ ಆವಿಯಾಗದು. ಹೊರಮೈ ಬೆವರಿ ತಣ್ಣಗಾಗುತ್ತದೆ, ಒತ್ತಡ ಇಳಿಯುತ್ತದೆ, ಬಾಯ್ಲರ್ ದೋಷ ತೋರಿಸಿ ನಿಲ್ಲುತ್ತದೆ. ಇಂಗ್ಲೆಂಡಿನ ಎಲ್‌ಪಿಜಿ ಬಾಯ್ಲರ್ ಪ್ರೊಪೇನಿಗೆ 37 ಮಿಲಿಬಾರ್ ಲೆಕ್ಕದಲ್ಲಿ ಹೊಂದಿಸಿದ್ದು. ನಮ್ಮ ಸಿಲಿಂಡರಿನಲ್ಲಿ ಬ್ಯುಟೇನ್ ಬೆರೆತಿರುತ್ತದೆ, ರೆಗ್ಯುಲೇಟರ್ ಬಿಡುವುದು 30 ಮಿಲಿಬಾರ್ ಸುಮಾರು. ಅದನ್ನು ಮರುಹೊಂದಿಸಲು ಗೊತ್ತಿರುವವರನ್ನು ಕುಮಟೆಯಲ್ಲಿ ಎಲ್ಲಿಂದ ತರುತ್ತೀರಿ?

ಬೇರೆಯದನ್ನು ಆರಿಸುವ ಮೊದಲು ಇಷ್ಟು ಅಳೆದು ಬರೆಯಿರಿ: 15 ಲೀಟರ್ ಬಕೆಟ್ ತುಂಬಲು ಎರಡೂ ಬಚ್ಚಲಲ್ಲಿ ಎಷ್ಟು ಸೆಕೆಂಡು, ಸಂಜೆ 7ಕ್ಕೆ ವೋಲ್ಟೇಜ್ ಎಷ್ಟು, ಬೇಸಿನ್ನಿನಲ್ಲಿ ಕಲೆ ಕಟ್ಟುವುದು ಯಾವ ಬಣ್ಣದ್ದು.

ಸೊಪ್ಪಿನಬೆಟ್ಟ:

ಬಾಯ್ಲರ್ ಅಂದರೆ ಶಿರಸಿ ಕಡೆ ಬೇರೆಯೇ ಅರ್ಥ, ನಡುವೆ ಹೊಗೆ ಕೊಳವೆ ಇರುವ ತಾಮ್ರದ ಬಂಬು. ಅದನ್ನೇ ಯಾಕೆ ನೋಡಬಾರದು? ಮನೆಯಲ್ಲೇ ಬಿದ್ದು ಕೊಳೆಯುವ ಸಿಪ್ಪೆ, ಗರಟೆ, ಸೋಗೆ ಬಿಟ್ಟು ದುಡ್ಡು ಕೊಟ್ಟು ಗ್ಯಾಸ್ ಸುಡುವುದು ಯಾಕೆ?

ದಿನಕ್ಕೆ 200 ಲೀಟರ್ ನೀರು 15 ಡಿಗ್ರಿ ಏರಲು 12.5 ಮೆಗಾಜೂಲ್ ಬೇಕು. ಒಣ ಕಟ್ಟಿಗೆ ಕಿಲೊಗೆ ಸುಮಾರು 15 ಮೆಗಾಜೂಲ್. ತೆರೆದ ಬಚ್ಚಲ ಒಲೆಯಲ್ಲಿ ಅದರ ಏಳರಲ್ಲೊಂದು ಪಾಲು ನೀರಿಗೆ ಹೋದರೆ ಪುಣ್ಯ. ಹಾಗಾದರೆ ದಿನಕ್ಕೆ 5-6 ಕಿಲೊ. ಬಂಬಿನಲ್ಲಿ ಬೆಂಕಿ ನೀರಿನ ನಡುವೆಯೇ ಏರುವುದರಿಂದ ಅದರ ಅರ್ಧ ಸಾಕು.

ಹೊಗೆಗೆ ಕಾರಣ ಎರಡು: ಒದ್ದೆ ಸಿಪ್ಪೆ, ಅಡಿಯಿಂದ ಗಾಳಿ ಇಲ್ಲದಿರುವುದು. ಒಲೆಯ ತಳಕ್ಕೆ ಕಬ್ಬಿಣದ ಜಾಲಿ, ಅದರ ಕೆಳಗೆ ಬೂದಿ ಬೀಳುವ ಗೂಡು, ಗೂಡಿಗೆ ಹೊರಗಿನಿಂದ ಕಿಂಡಿ. ಚಿಮಣಿ 6 ಇಂಚಿನದು, ಮಾಡಿನ ನೆತ್ತಿಗಿಂತ 2-3 ಅಡಿ ಎತ್ತರ, ತುದಿಗೆ ತೊಪ್ಪಿ. 4 ಇಂಚಿನದು ಹಾಕಿದರೆ ಸಿಪ್ಪೆಯ ಜಿಡ್ಡು ಮಸಿ ಒಂದೇ ಮಳೆಗಾಲದಲ್ಲಿ ಕಟ್ಟುತ್ತದೆ. ಬಾಗು ಬೇಡ, ಬೇಕೇಬೇಕಾದರೆ ಆ ಬಾಗಿನಲ್ಲಿ ಮಸಿ ತೆಗೆಯುವ ಮುಚ್ಚಳ ಇಡಿ. ಸಿಪ್ಪೆ ಏಪ್ರಿಲ್-ಮೇ ಬಿಸಿಲಲ್ಲೇ ಒಣಗಿಸಿ ಅಟ್ಟಕ್ಕೇರಿಸಬೇಕು.

ಒಂದು ಎಚ್ಚರಿಕೆ. ಬಂಬಿನ ಮೇಲಿನ ತೆರೆದ ಬಾಯನ್ನು ಬಿರಡೆ ಹಾಕಿ ಮುಚ್ಚಿ ನಲ್ಲಿಗೆ ಪೈಪು ಎಳೆಯುವವರಿದ್ದಾರೆ. ಉಗಿಗೆ ದಾರಿ ಇಲ್ಲದೆ ತಾಮ್ರ ಸೀಳುತ್ತದೆ. ಮೇಲಿನಿಂದ ತಣ್ಣೀರು ಹೊಯ್ದು ಕೆಳಗೆ ಬಿಸಿನೀರು ಹಿಡಿಯುವುದೇ ಅದರ ಕ್ರಮ, ಹಾಗೇ ಇರಲಿ.



ಹೊಳೆಸಾಲು:

ಅಳೆದೆ. 15 ಲೀಟರ್ ತುಂಬಲು ಕೆಳಗೆ 95 ಸೆಕೆಂಡು. ಮಹಡಿಯಲ್ಲಿ ನಲ್ಲಿಗೆ 3 ನಿಮಿಷ, ಶವರಿಗೆ ಹೆಚ್ಚುಕಡಿಮೆ 6 ನಿಮಿಷ. ಸಂಜೆ ವೋಲ್ಟೇಜ್ 190. ಬೇಸಿನ್ನಿನಲ್ಲಿ ನಲ್ಲಿಯ ಕೆಳಗೆ ಹಸಿರು ಮಿಶ್ರಿತ ನೀಲಿ ಗೆರೆ. ಮೇ ತಿಂಗಳಲ್ಲಿ ಬಾವಿ ನೀರು ಸ್ವಲ್ಪ ಸವಳು. ಕರೆಂಟ್ ಸಿಂಗಲ್ ಫೇಸು, ತಿಂಗಳಿಗೆ ಸುಮಾರು 100 ಯೂನಿಟ್, ಗೃಹಜ್ಯೋತಿ ಇದೆ. ಕೆಳಗಿನ ಬಚ್ಚಲು 4 ಅಡಿ ಅಗಲ, 6 ಉದ್ದ, 8 ಎತ್ತರ, ಒಂದು ಗಾಜಿನ ಪಟ್ಟಿ ಕಿಟಕಿ.

ಗ್ಯಾಸ್ ಗೀಸರ್ ಅಗ್ಗ ಅನ್ನುತ್ತಾರೆ, ಅದರ ಬಗ್ಗೆ ಹೇಳಿ.

ನೀಲಿಜ್ವಾಲೆ:

6 ಲೀಟರಿನ ಗ್ಯಾಸ್ ಗೀಸರ್ ಅಂದರೆ ನಿಮಿಷಕ್ಕೆ 6 ಲೀಟರನ್ನು 25 ಡಿಗ್ರಿ ಏರಿಸುವುದು, ಹತ್ತೂವರೆ ಕಿಲೋವಾಟ್. ಸಿಲಿಂಡರಿಗೆ ಅದು ಕಷ್ಟವಲ್ಲ. ಐದು ಜನ ತಲಾ 40 ಲೀಟರ್ ಮಿಂದರೆ ದಿನಕ್ಕೆ 340 ಗ್ರಾಂ ಆಸುಪಾಸು, ಒಂದು ಸಿಲಿಂಡರ್ 40 ದಿನ. ಶಿರಸಿಯ ಧನುರ್ಮಾಸದ ಚಳಿಗೆ ಇದು ಒಂದೂವರೆ ಪಟ್ಟು.

ಆದರೆ ನಿಮ್ಮ 4-6-8 ಅಡಿ ಬಚ್ಚಲ ಒಳಗೆ ಕೂರಿಸುವುದಾದರೆ ಬೇಡವೇ ಬೇಡ. ಅಲ್ಲಿರುವ ಗಾಳಿ ಐದೂವರೆ ಘನಮೀಟರ್. ಆ ಗೀಸರ್ ಪೂರ್ತಿ ಉರಿದರೆ ಗಂಟೆಗೆ 900 ಗ್ರಾಂ ಗ್ಯಾಸ್, ಅದಕ್ಕೆ ಬೇಕಾದ ಗಾಳಿ ಸುಮಾರು 12 ಘನಮೀಟರ್. ಲೆಕ್ಕಕ್ಕೆ ಅರ್ಧ ಗಂಟೆಯೊಳಗೆ ಕೋಣೆಯ ಗಾಳಿಯೆಲ್ಲ ಖರ್ಚು. ಅದಕ್ಕೂ ಎಷ್ಟೋ ಮೊದಲೇ ಆಮ್ಲಜನಕ ಕಮ್ಮಿಯಾಗಿ ಉರಿ ಹಳದಿ ತಿರುಗಿ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಸಿಲಿಂಡರ್ ಸೋರಿದರೆ ಬರುವ ನಾತ ಬೇಕೆಂದೇ ಬೆರೆಸಿದ್ದು, ಉರಿದ ಹೊಗೆಯಲ್ಲಿ ಅದು ಇರುವುದಿಲ್ಲ. ತಲೆನೋವು, ತಲೆಸುತ್ತು, ಕಾಲಿನ ಬಲ ಹೋಗುವುದು ಈ ಕ್ರಮದಲ್ಲಿ ಬರುತ್ತದೆ. ಬಾಗಿಲ ಅಗಳಿ ತೆಗೆಯಬೇಕೆಂದು ಗೊತ್ತಾಗುವಾಗ ಏಳಲು ಆಗುವುದಿಲ್ಲ. ಚಳಿ ಎಂದು ಕಿಟಕಿ ಪಟ್ಟಿ ಮುಚ್ಚುವವರು ಮನೆಯ ಹಿರಿಯರೇ. ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಅಂತ ಒಳಗೆ ಹಾಕಬೇಡಿ, ಕರೆಂಟ್ ಹೋದಾಗಲೂ ಗೀಸರ್ ಸೆಲ್ಲಿನ ಮೇಲೆ ಉರಿಯುತ್ತಲೇ ಇರುತ್ತದೆ.

ಹಾಕುವುದಾದರೆ ಹೊರಗೋಡೆಗೆ, ಸೂರಿನ ಅಡಿ, ಎರಚಲು ತಾಗದ ಕಡೆ, ಯಾವ ಕಿಟಕಿಯಿಂದಲೂ 3 ಅಡಿ ದೂರ. ಸಿಲಿಂಡರ್ ನೆಲಮಟ್ಟದಲ್ಲಿ ನೆಟ್ಟಗೆ ನಿಲ್ಲಲಿ, ಪಕ್ಕದಲ್ಲಿ ಗುಂಡಿ, ಚರಂಡಿ ಇರಬಾರದು, ಸೋರಿದ ಗ್ಯಾಸ್ ಗಾಳಿಗಿಂತ ಭಾರ, ತಗ್ಗಿಗೆ ಇಳಿದು ಕೂರುತ್ತದೆ. ಗೀಸರ್ ಮೇಲೆ ಐಎಸ್ 15558, ರಬ್ಬರ್ ಹೋಸಿನ ಮೇಲೆ ಐಎಸ್ 9573 ಮುದ್ರೆ ನೋಡಿ. ಹೋಸನ್ನು 5 ವರ್ಷಕ್ಕೆ ಬದಲಿಸಬೇಕು, ಗೋಡೆ ಒಳಗೆ ಹುಗಿಯಬಾರದು.

ಈಗ ನಿಮ್ಮ ಅಳತೆ. ಗೀಸರಿನೊಳಗೆ ರಬ್ಬರಿನ ಒಂದು ಪೊರೆ ಇದೆ. ನೀರು ನಿಮಿಷಕ್ಕೆ ಎರಡೂವರೆ ಲೀಟರಿನಷ್ಟು ಹರಿದಾಗ ಅದು ಉಬ್ಬಿ, ಸೂಜಿಯಂಥ ಕಡ್ಡಿಯನ್ನು ತಳ್ಳಿ ಗ್ಯಾಸ್ ತೆರೆಯುತ್ತದೆ. ಕೆಳಗೆ ನಿಮಗೆ ನಿಮಿಷಕ್ಕೆ 9 ಲೀಟರ್ ಇದೆ, ಚಿಂತೆಯಿಲ್ಲ. ಮಹಡಿ ಶವರಿಗೆ ಬರೀ ಎರಡೂವರೆ. ಗೀಸರಿನ ಸಣ್ಣ ಕೊಳವೆ ಹಾದು ಬರುವಾಗ ಅದೂ ಕಮ್ಮಿಯಾಗುತ್ತದೆ. ಟಕ್ ಟಕ್ ಅನ್ನುತ್ತದೆ, ಹತ್ತುವುದಿಲ್ಲ. ಗೀಸರನ್ನು ಕೆಳಗಿಳಿಸಿ ಕೂರಿಸಿದರೆ ಹರಿವು ಹೆಚ್ಚುತ್ತದೆ ಅಂತ ಕೆಲವರು ಹೇಳುತ್ತಾರೆ, ಅದು ತಪ್ಪು. ಎಣಿಕೆಗೆ ಬರುವುದು ಟಾಂಕಿಯ ನೀರಿನ ಮಟ್ಟ ಮತ್ತು ಶವರಿನ ಬಾಯಿ, ಇವೆರಡರ ಅಂತರ ಮಾತ್ರ.

ನೀಲಿ ಕಲೆಯೂ ಒಂದು ಸೂಚನೆ. ಚಿರೇಕಲ್ಲಿನ ಬಾವಿ ನೀರು ಮೆದು, ಜೊತೆಗೆ ಸ್ವಲ್ಪ ಹುಳಿಗುಣ. ಹುಳಿಗುಣ ಅಳೆಯುವ ಪಿಎಚ್ 6.5ಕ್ಕಿಂತ ಕೆಳಗಿದ್ದರೆ ತಾಮ್ರ, ಹಿತ್ತಾಳೆ ಕರಗಿಸುತ್ತದೆ, ಆ ಕಲೆ ಅದೇ. ಗ್ಯಾಸ್ ಗೀಸರಿನ ಹೃದಯವೇ ತೆಳು ತಾಮ್ರದ ಕೊಳವೆ, ಅದು ಸೂಜಿಮೊನೆಯಷ್ಟು ತೂತು ಬಿದ್ದು ಉರಿಯ ಮೇಲೆ ಹನಿ ಬೀಳತೊಡಗುತ್ತದೆ. ಮೊದಲು ಪಿಎಚ್ ಪಟ್ಟಿಯಲ್ಲಿ ನೋಡಿ, ಕಮ್ಮಿ ಇದ್ದರೆ ಸುಣ್ಣಕಲ್ಲಿನ ಹರಳು ತುಂಬಿದ ಫಿಲ್ಟರ್ ಒಂದು ಕೂರಿಸಿ.

ಮೂರನೇ ಫೇಸು:

ಕರೆಂಟಿನ ಮಾತು. ಇನ್‌ಸ್ಟಂಟ್ ಗೀಸರ್ 3 ಕಿಲೋವಾಟ್, 13 ಆಂಪಿಯರ್ ಎಳೆಯುತ್ತದೆ. ನಿಮ್ಮ 190 ವೋಲ್ಟಿಗೆ ಅದು 2 ಕಿಲೋವಾಟೇ ಆಗಿಬಿಡುತ್ತದೆ, ಏಕೆಂದರೆ ವೋಲ್ಟೇಜ್ ಇಳಿದಷ್ಟಲ್ಲ, ಅದರ ವರ್ಗದ ಲೆಕ್ಕದಲ್ಲಿ ಶಾಖ ಇಳಿಯುತ್ತದೆ. ನಿಮಿಷಕ್ಕೆ 2 ಲೀಟರ್ ಬೆಚ್ಚನೆ ನೀರು. ಬೇಡ.

ನಿಮಗೆ ಸರಿಹೊಂದುವುದು 15 ಲೀಟರಿನ ಸ್ಟೋರೇಜ್, 2 ಕಿಲೋವಾಟ್, ಐಎಸ್ 2082 ಮುದ್ರೆಯದು. 60 ಡಿಗ್ರಿಗೆ ಕಾದ 15 ಲೀಟರಿಗೆ ತಣ್ಣೀರು ಬೆರೆಸಿದರೆ 42 ಡಿಗ್ರಿಯ 33 ಲೀಟರ್ ಆಗುತ್ತದೆ, ಒಬ್ಬರ ಸ್ನಾನ ಮುಗಿಯುತ್ತದೆ. ಸರಿ ವೋಲ್ಟೇಜಿನಲ್ಲಿ 17 ನಿಮಿಷ, 190ರಲ್ಲಿ 25 ನಿಮಿಷ ಕಾಯಬೇಕು.

ಎಲ್ಲ ಐದು ಜನಕ್ಕೂ ಕರೆಂಟಿನಲ್ಲೇ ಕಾಯಿಸಿದರೆ ದಿನಕ್ಕೆ 4 ಯೂನಿಟ್, ತಿಂಗಳಿಗೆ 120. ಈಗಿನ 100 ಸೇರಿ 220. ಗೃಹಜ್ಯೋತಿಯಲ್ಲಿ ನಿಮ್ಮ ಅರ್ಹ ಯೂನಿಟ್ ದಾಟಿದರೆ ಹೆಚ್ಚುವರಿಗಷ್ಟೇ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ಲು. ಆ 20 ಯೂನಿಟ್ ಬಹಳ ದುಬಾರಿ. ಹಿರಿಯರಿಬ್ಬರಿಗೆ ಮಾತ್ರವಾದರೆ ಸುಮಾರು 50 ಯೂನಿಟ್ ಸೇರುತ್ತದೆ, 150ರ ಸುತ್ತ ನಿಲ್ಲುತ್ತದೆ.

ತಂತಿ 4 ಚದರ ಮಿಮೀ ಬೋರ್ಡಿನಿಂದ ನೇರ, ನಡುವೆ ಜೋಡಣೆ ಇಲ್ಲದೆ. 16 ಆಂಪಿಯರ್ ಎಂಸಿಬಿ (ಲೋಡು ಮೀರಿದರೆ ತಾನೇ ಬೀಳುವ ಸ್ವಿಚ್), ಕರೆಂಟ್ ಸೋರಿದರೆ ಕೂಡಲೇ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ. ಸ್ವಿಚ್ ಬಚ್ಚಲ ಹೊರಗೆ. ಚಿರೇಕಲ್ಲು ಮಣ್ಣು ಬೇಸಗೆಯಲ್ಲಿ ಒಣಗಿ ಅರ್ಥಿಂಗ್ ಕೆಲಸ ಮಾಡುವುದಿಲ್ಲ, ಮಾರ್ಚ್‌ನಿಂದ ಗುಂಡಿಗೆ ವಾರಕ್ಕೆರಡು ಕೊಡ ನೀರು ಹಾಕಿ. ಮಂಜೂರಾದ ಲೋಡು ಬಿಲ್ಲಿನಲ್ಲಿ ನೋಡಿ, 1 ಕಿಲೋವಾಟ್ ಅಂತಿದ್ದರೆ ಹೆಚ್ಚಿಸಿಕೊಳ್ಳಬೇಕು.

ಸವಳು ನೀರು ಬರುವ ಕಡೆ ಬರಿಯ ಸ್ಟೀಲ್ ಟಾಂಕಿ ಬೇಡ, ಉಪ್ಪು ವೆಲ್ಡಿಂಗ್ ಪಕ್ಕದಲ್ಲೇ ತೂತು ಕೊರೆಯುತ್ತದೆ. ಗಾಜಿನ ಲೇಪದ ಟಾಂಕಿ, ಜೊತೆಗೆ ಮೆಗ್ನೀಶಿಯಂ ಆನೋಡ್ ಕಡ್ಡಿ. ಟಾಂಕಿಯ ಬದಲು ತಾನು ಸವೆಯುವುದೇ ಆ ಕಡ್ಡಿಯ ಕೆಲಸ. ವರ್ಷಕ್ಕೊಮ್ಮೆ ಬಿಚ್ಚಿ ನೋಡಿ, ಅರ್ಧಕ್ಕಿಂತ ತೆಳುವಾಗಿದ್ದರೆ ಬದಲಿಸಿ.

ಮಾಡಿನಮೇಲೆ:

ಸೋಲಾರ್ ಬಗ್ಗೆ ಯಾರೂ ಹೇಳಲಿಲ್ಲ. 200 ಲೀಟರಿಗೆ 2 ಚದರ ಮೀಟರಿನ ಎರಡು ಫಲಕ, ದಕ್ಷಿಣಕ್ಕೆ ಮುಖ, 25 ಡಿಗ್ರಿ ಓರೆ. ಅಕ್ಟೋಬರ್‌ನಿಂದ ಮೇವರೆಗೆ ಚಿನ್ನದಂಥ ವ್ಯವಸ್ಥೆ. ಜೂನ್‌ನಿಂದ ಸೆಪ್ಟೆಂಬರ್ ನಮ್ಮ ಕರಾವಳಿಯಲ್ಲಿ ಬಿಸಿಲಿನ ಮುಖ ಕಾಣುವುದು ಅಪರೂಪ. ಆಗ ಸೋಲಾರ್ ಟಾಂಕಿ ಒಳಗಿನ ಕರೆಂಟ್ ಕಾಯಿಲ್ ಹಾಕಿದರೆ ಬೇಕಿಲ್ಲದ 200 ಲೀಟರೂ ಕಾಯುತ್ತದೆ, 25 ಡಿಗ್ರಿ ಏರಿಸಲು ಸುಮಾರು 6 ಯೂನಿಟ್.

ಇವರಿಗೆ ದೊಡ್ಡ ಅಡ್ಡಿ ತಗಡಿನ ಮಾಡು. ಫಲಕ ತಗಡಿನ ಮೇಲೆ ಬರಬೇಕು, ತಣ್ಣೀರಿನ ಟಾಂಕಿಯ ತಳ ಸೋಲಾರ್ ಟಾಂಕಿಗಿಂತ ಮೇಲಿರಬೇಕು, ಅಂದರೆ ಟಾಂಕಿಯೂ ತಗಡಿನಿಂದ ಆಚೆ ಏರಬೇಕು. ಅಷ್ಟು ಎತ್ತರದ ಕಬ್ಬಿಣ ಕಡಲಗಾಳಿಗೆ ನಿಲ್ಲಬೇಕಾದರೆ ಗ್ಯಾಲ್ವನೈಸ್ಡ್ ಆಗಿರಬೇಕು, ಬರೀ ಬಣ್ಣ ಸಾಲದು. ಮಾಡಿಗೆ ತೆಂಗಿನಮರ ಬಾಗಿದ್ದರೆ, ಮಂಗ ಬರುತ್ತಿದ್ದರೆ ಗಾಜಿನ ಕೊಳವೆಯದು ಬೇಡ, ಚಪ್ಪಟೆ ಫಲಕದ್ದೇ ಇರಲಿ. ಫಲಕದಿಂದ ಕೆಳಗಿನ ಬಚ್ಚಲಿಗೆ ಮುಕ್ಕಾಲು ಇಂಚಿನ ಪೈಪು 20 ಮೀಟರ್ ಆದರೆ ಪ್ರತಿ ಬಾರಿ 5 ಲೀಟರ್ ತಣ್ಣೀರು ಹೊರಚೆಲ್ಲಿದ ಮೇಲೇ ಬಿಸಿ.

ಈಗ ಹೇಗೂ ಗೋಡೆ ಒಡೆಯುವುದರಿಂದ ತಾರಸಿವರೆಗೆ ಮುಕ್ಕಾಲು ಇಂಚು ಸಿಪಿವಿಸಿ ಎಳೆದು ತುದಿ ಮುಚ್ಚಿಡಿ. ಸೋಲಾರ್ ಯಾವಾಗ ಬೇಕಾದರೂ ಬರಲಿ. ಸಾದಾ ಪಿವಿಸಿ ಬಿಸಿನೀರಿಗೆ ಮೆತ್ತಗಾಗಿ ಜೋತುಬೀಳುತ್ತದೆ, ಗಾರೆಯವರ ಮಾತು ಕೇಳಿ ಅದನ್ನು ಹಾಕಬೇಡಿ.

ಹೊಳೆಸಾಲು:

ಹಾಗಾದರೆ ಹೀಗೆ ಮಾಡುತ್ತೇನೆ. ಕೆಳಗಿನ ಬಚ್ಚಲಿಗೆ 15 ಲೀಟರ್ ಸ್ಟೋರೇಜ್, ಅಪ್ಪ ಅಮ್ಮನಿಗೆ. ಹಿತ್ತಲಲ್ಲಿ ಜಾಲಿ, ಚಿಮಣಿ ಸಮೇತ ಬಂಬು, ಉಳಿದವರಿಗೆ. ಮಹಡಿಗೆ ಸದ್ಯ ಪೈಪು ಮಾತ್ರ. ಗ್ಯಾಸ್ ಇಲ್ಲ. ಗೀಸರಿಗೆ ಪೈಪು ಕೊಡುವಾಗ ಏನು ನೋಡಬೇಕು?

ನಲ್ಲಿತಿರುಪು:

ಗೀಸರಿನ ಭಾರ ನೀರು ಸೇರಿ 25 ಕಿಲೊ ಸುತ್ತ ಆಗುತ್ತದೆ. ಚಿರೇಕಲ್ಲು ಗೋಡೆಗೆ ಪ್ಲಾಸ್ಟಿಕ್ ಪ್ಲಗ್ಗು ಹಿಡಿಯದು, ಕಬ್ಬಿಣದ ಆಂಕರ್ ಬೋಲ್ಟನ್ನು ಕಾಂಕ್ರೀಟ್ ತುಂಬಿದ ಕಡೆಯೇ ಹಾಕಿಸಿ. ಗೀಸರ್ ಕೆಳಗೆ ಕೈಯಾಡುವಷ್ಟು ಜಾಗ ಬಿಡಿ, ಆನೋಡ್ ಕಡ್ಡಿ ಅಲ್ಲಿಂದಲೇ ಹೊರಬರುತ್ತದೆ. ತಣ್ಣೀರು ಒಳಹೋಗುವ ಕಡೆ ಒಂದು ಬಾಲ್ ವಾಲ್ವ್ ಇರಲಿ. ನೀರು ತುಂಬಿ ಬಿಸಿನೀರಿನ ನಲ್ಲಿಯಲ್ಲಿ ಹರಿದ ಮೇಲೆಯೇ ಸ್ವಿಚ್ ಹಾಕಿ, ಖಾಲಿ ಟಾಂಕಿಗೆ ಹಾಕಿದರೆ ಕಾಯಿಲ್ ನಿಮಿಷಗಳಲ್ಲಿ ಸುಟ್ಟುಹೋಗುತ್ತದೆ. ತಾರಸಿಯ ಟಾಂಕಿ ತೊಳೆಯುವ ದಿನವೂ ಇದು ನೆನಪಿರಲಿ.

ಗೀಸರಿನ ಜೊತೆ ಬರುವ ಸೇಫ್ಟಿ ವಾಲ್ವಿಗೆ ಹಿಂದಕ್ಕೆ ನೀರು ಬಿಡದ ತಡೆ ಇರುತ್ತದೆ. 15 ಲೀಟರ್ 60 ಡಿಗ್ರಿಗೆ ಕಾಯುವಾಗ ಒಂದು ಲೋಟದಷ್ಟು ಹಿಗ್ಗುತ್ತದೆ, ಹೋಗಲು ದಾರಿಯಿಲ್ಲದೆ ಆ ವಾಲ್ವಿನ ಮೂತಿಯಿಂದ ಹನಿಯುತ್ತದೆ. ಸೋರಿಕೆ ಅಂದುಕೊಂಡು ಮೇಸ್ತ್ರಿ ಅದಕ್ಕೆ ಬಿರಡೆ ಹಾಕಿ ಹೋಗುತ್ತಾನೆ. ಹಾಕಲು ಬಿಡಬೇಡಿ. ಮೂತಿಗೆ ಸಣ್ಣ ಪೈಪು ಸಿಕ್ಕಿಸಿ ಬಚ್ಚಲ ಚರಂಡಿಗೆ ಇಳಿಬಿಡಿ, ತುದಿ ಕಣ್ಣಿಗೆ ಕಾಣುವಂತಿರಲಿ. ಕಾಯುವಾಗ ಮಾತ್ರ ಹನಿಸಿದರೆ ಸರಿಯಿದೆ. ಸ್ವಿಚ್ ಆರಿಸಿದ ಮೇಲೂ ರಾತ್ರಿಯಿಡೀ ಹನಿಸಿದರೆ ವಾಲ್ವಿನ ಸೀಟಿನಲ್ಲಿ ಮಣ್ಣಿನ ಕಣ ಸಿಕ್ಕಿದೆ ಎಂದರ್ಥ. ಅದರ ಸಣ್ಣ ಹಿಡಿ ಎತ್ತಿ ಎರಡು ಸಲ ನೀರು ಚಿಮ್ಮಿಸಿ, ಕಣ ಹೊರಟುಹೋಗುತ್ತದೆ.